ತಾಳೆ ನೋಡದ ಕಾರ್ಡು

ಮಧ್ಯಾಹ್ನ ಮೂರು ಹತ್ತಕ್ಕೆ, ಕ್ಯಾಮೆರಾದ ಕಾರ್ಡಿನಲ್ಲಿದ್ದುದನ್ನೆಲ್ಲ ನಕಲು ಮಾಡಲು ಇನ್ನೂ ಮೂರು ಗಂಟೆ ಐವತ್ತು ನಿಮಿಷ ಬೇಕು ಎಂದು ಲ್ಯಾಪ್‌ಟಾಪ್ ತೋರಿಸಿತು. ಕಾರ್ಖಾನೆಯ ಹೊಗೆ ಚಿಮಣಿಯನ್ನು ಸಿಡಿಮದ್ದಿಟ್ಟು ಕೆಡವುವುದು ನಾಲ್ಕೂವರೆಗೆ ಎಂದು ನಿಗದಿಯಾಗಿತ್ತು.

ಅವಳು ಎದ್ದಳು, ಕೂತಳು, ಮತ್ತೆ ಎದ್ದಳು. ಅದು ಮುಚ್ಚಿಹೋದ ನೂಲಿನ ಕಾರ್ಖಾನೆಯ ಹಾಜರಿ ಕೋಣೆ. ಗೋಡೆಯ ಮೇಲೆ ಕಾರ್ಮಿಕರ ಚೀಟಿ ಸಿಕ್ಕಿಸುತ್ತಿದ್ದ ತಗಡಿನ ಗೂಡುಗಳು ಸಾಲಾಗಿ ಖಾಲಿ ಇದ್ದವು. ಹತ್ತಿಯ ಸಣ್ಣ ಎಳೆಗಳು ಇನ್ನೂ ಕಿಟಕಿಯ ಸರಳಿಗೆ ಅಂಟಿಕೊಂಡಿದ್ದವು. ಜನರೇಟರಿನಿಂದ ಎಳೆದ ವೈರಿಗೆ ಒಂದು ಫ್ಯಾನು, ಒಂದು ದೀಪ, ಅವಳ ಮೇಜಿನ ಮೇಲಿನ ಯಂತ್ರಗಳು. ಚಿತ್ರತಂಡ ಅವಳಿಗೆ ಕೊಟ್ಟ ಜಾಗ ಇಷ್ಟೇ.

ಕ್ಯಾಮೆರಾದಲ್ಲಿ ತುಂಬಿ ಬಂದ ಕಾರ್ಡುಗಳನ್ನು ಇಳಿಸಿಕೊಳ್ಳುವುದು, ಎರಡು ಹಾರ್ಡ್ ಡಿಸ್ಕಿಗೆ ನಕಲು ಮಾಡುವುದು, ಮೂಲಕ್ಕೂ ನಕಲಿಗೂ ತಾಳೆ ನೋಡುವುದು, ಆಮೇಲಷ್ಟೇ ಕಾರ್ಡನ್ನು ಅಳಿಸಲು ಬಿಡುವುದು ಅವಳ ಕೆಲಸ. ತುಂಬಿದ ಕಾರ್ಡಿಗೆ ಕೆಂಪು ಅಂಟುಪಟ್ಟಿ, ತಾಳೆ ಮುಗಿದದ್ದಕ್ಕೆ ಹಸಿರು. ಕೆಂಪು ಇರುವ ಕಾರ್ಡನ್ನು ಯಾರೂ ಅಳಿಸುವಂತಿಲ್ಲ, ನಿರ್ದೇಶಕನೂ ಸಹ. ತಂಡದವರು ಅವಳನ್ನು ಖಜಾನೆ ಎಂದು ಕರೆಯುತ್ತಿದ್ದರು. “ಖಜಾನೆ ಬಾಗಿಲು ತೆಗೀತಾ?” ಎಂದು ಕೇಳಿ ನಗುತ್ತಿದ್ದರು. ಅವಳಿಗೂ ಅದು ಬೇಸರವಿರಲಿಲ್ಲ.

ನಿಧಾನಕ್ಕೆ ಕಾರಣ ಕೇಬಲ್ಲು. ಎರಡೂ ತುದಿ ಒಂದೇ ಥರ, ಬಣ್ಣವೂ ಒಂದೇ ಕಪ್ಪು. ಆದರೆ ಒಂದು ಫೋನ್ ಚಾರ್ಜ್ ಮಾಡಲಷ್ಟೇ ಲಾಯಕ್ಕು, ಇನ್ನೊಂದು ಅದರ ಹತ್ತು ಪಟ್ಟು ವೇಗದಲ್ಲಿ ಚಿತ್ರಗಳನ್ನು ಸಾಗಿಸುತ್ತದೆ. ನೋಡಿದರೆ ಗೊತ್ತಾಗುವುದಿಲ್ಲವೆಂದೇ ಅವಳು ವೇಗದ ಕೇಬಲ್ಲಿಗೆ ಬಿಳಿ ದಾರ ಸುತ್ತಿಟ್ಟಿದ್ದಳು. ಅದು ಬೆಳಗ್ಗೆ ಪೆಟ್ಟಿಗೆಯಲ್ಲಿತ್ತು. ಈಗ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿ ನಕಲು ಶುರುಮಾಡಿ, ದಾರದ ಕೇಬಲ್ಲನ್ನು ಹುಡುಕಲು ಹೊರಟಳು.

ಮೇಕಪ್ಪಿನವಳು ತನ್ನ ಕನ್ನಡಿ ದೀಪದ ವೈರು ಎತ್ತಿ ತೋರಿಸಿದಳು. “ನಂದು ನೋಡು, ಗುಲಾಬಿ ಬಣ್ಣ. ನಿನ್ನ ಮೂತಿಯ ಹಾಗೆ ಕಪ್ಪಗಿರೋದು ನನ್ನ ಹತ್ರ ಇಲ್ಲ.”

ಜನರೇಟರಿನ ಚಾಲಕ ಕಣ್ಣು ಮುಚ್ಚಿಕೊಂಡೇ “ಕೇಬಲ್ ಅಂದ್ರೆ ನನ್ನ ಲೆಕ್ಕದಲ್ಲಿ ತೋಳಿನಷ್ಟು ದಪ್ಪ ಇರುತ್ತಮ್ಮ. ಅದಕ್ಕಿಂತ ಸಣ್ಣದೆಲ್ಲ ದಾರ” ಎಂದ.

ಹಳೇ ಗೋದಾಮಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಪ್ಪ ಕೂತಿದ್ದ. ಪಕ್ಕದಲ್ಲಿ ಒಂದು ಪ್ಲಗ್ಗು. ಪ್ಲಗ್ಗಿನಿಂದ ಅವನ ಫೋನಿಗೆ ಒಂದು ಕೇಬಲ್ಲು. ಅದರ ಕುತ್ತಿಗೆಗೆ ಬಿಳಿ ದಾರ.

“ಅಪ್ಪಾ, ಇದು ನಿಂಗೆಲ್ಲಿ ಸಿಕ್ತು?”

“ನಿನ್ನ ಡಬ್ಬೀಲಿ. ತೂತಿಗೆ ಹೊಂದ್ತು, ಹಾಕ್ದೆ.” ಜರಡಿಯಲ್ಲಿ ಜಲ್ಲಿ ಆಡಿಸಿದಂಥ ದನಿ. ಆರು ತಿಂಗಳಿಂದ ಹೀಗೇ ಇತ್ತು. “ಬಡ್ಡೀಮಗಂದು, ಏನು ಬೇಗ ತುಂಬುತ್ತೆ ಅಂತೀಯ.”

“ಇದು ಫೋನಿಗಲ್ಲ ಅಪ್ಪ.”

“ಹಂಗಂತ ಅದರ ಮೇಲೆ ಬರೆದಿದ್ಯಾ?”

ಬರೆದಿರಲಿಲ್ಲ. ಅವಳು ಕೇಬಲ್ಲು ಎಳೆದುಕೊಂಡು ಓಡಿದಳು.

ಅಪ್ಪ ಅಲ್ಲಿರಬೇಕಾದವನೇ ಅಲ್ಲ. ಮರುದಿನ ಬೆಳಗ್ಗೆ ಅವನಿಗೆ ಶಸ್ತ್ರಚಿಕಿತ್ಸೆ ಇತ್ತು. ಗಂಟಲಿನ ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ವೈದ್ಯರು ಹೇಳಿದ್ದರು. ಆಮೇಲೆ ಕೆಲವು ತಿಂಗಳು ಫೋನಿನಲ್ಲಿ ಬರೆದು ತೋರಿಸುವುದನ್ನು ರೂಢಿ ಮಾಡಿಕೊಳ್ಳಿ ಎಂದೂ ಹೇಳಿದ್ದರು. ಮಗ ಈ ಚಿತ್ರದ ಕ್ಯಾಮೆರಾಮನ್, ಮಗಳು ಖಜಾನೆ. ಇಬ್ಬರೂ ರಜೆ ಹಾಕುವಂತಿರಲಿಲ್ಲ, ಅಪ್ಪನನ್ನು ಒಬ್ಬನೇ ಬಿಡುವಂತೆಯೂ ಇರಲಿಲ್ಲ. ಇಬ್ಬರ ನಡುವೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದರು.

ಅವನಿಗೆ ಚಿತ್ರೀಕರಣ ಹೊಸದಲ್ಲ. ನಲವತ್ತು ವರ್ಷ ಸಿನಿಮಾಗಳಿಗೆ ದೀಪ ಹೊತ್ತವನು. ಯಾರ ಮುಖಕ್ಕೆ ಎಷ್ಟು ಬೆಳಕು ಬೇಕೆಂದು ಗೊತ್ತಿದ್ದವನು, ತಾನು ಮಾತ್ರ ಒಂದು ಸಲವೂ ಬೆಳಕಿನ ಎದುರಿಗೆ ಬಂದವನಲ್ಲ. ಇವತ್ತು ಊಟಕ್ಕೆ ಮುಂಚೆ, ಕಾವಲುಗಾರನ ಪಾತ್ರದವನು ಬರಲೇ ಇಲ್ಲವೆಂದು ನಿರ್ದೇಶಕ ತಲೆ ಕೆರೆದುಕೊಳ್ಳುತ್ತಿದ್ದಾಗ, ಗೋದಾಮಿನ ನೆರಳಿನಲ್ಲಿ ಯಾರಿಗೋ ಬೈಯುತ್ತಿದ್ದ ಅಪ್ಪನ ದನಿ ಅವನ ಕಿವಿಗೆ ಬಿತ್ತು. ಹತ್ತು ನಿಮಿಷದಲ್ಲಿ ಅಪ್ಪನಿಗೆ ಖಾಕಿ ಅಂಗಿ ಹಾಕಿಸಿ, ಕೈಗೊಂದು ಬೀಗ ಕೊಟ್ಟಿದ್ದರು. ಕಾರ್ಖಾನೆಯ ಗೇಟಿಗೆ ಕೊನೆಯ ಸಲ ಬೀಗ ಹಾಕಬೇಕು, ಏನಾದರೂ ಮಾತಾಡಬೇಕು, ಏನು ಬೇಕಾದರೂ ಸರಿ. ಅಪ್ಪ ನಾಲ್ಕು ನಿಮಿಷ ಮಾತಾಡಿದ. ಒಂದೇ ಟೇಕು. ಮುಗಿದಾಗ ಯಾರೂ ‘ಕಟ್’ ಎನ್ನಲಿಲ್ಲ. “ಏನ್ರಪ್ಪಾ, ಎಲ್ಲರೂ ಸತ್ರಾ?” ಎಂದು ಅಪ್ಪನೇ ಕೇಳಬೇಕಾಯಿತು.

ಧ್ವನಿ ಹಿಡಿಯುವವನು ಚಿಮಣಿ ಬೀಳುವ ಸದ್ದಿಗಾಗಿ ಮೈದಾನದಲ್ಲಿ ಮೈಕುಗಳನ್ನು ನೆಡಲು ಹೋಗಿದ್ದ. ಆದ್ದರಿಂದ ಅಪ್ಪನ ಅಂಗಿಗೆ ಸಿಕ್ಕಿಸಿದ ಮೈಕಿನ ವೈರನ್ನು ನೇರ ಕ್ಯಾಮೆರಾಕ್ಕೇ ಕೊಟ್ಟಿದ್ದರು. ಚಿತ್ರವೂ ದನಿಯೂ ಒಂದೇ ಕಾರ್ಡಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ.

ಅವಳು ನಿಧಾನದ ನಕಲನ್ನು ನಿಲ್ಲಿಸಿ ದಾರದ ಕೇಬಲ್ಲು ಹಾಕಿದಳು. ಎರಡು ದಾರಿಗಳಿದ್ದವು. ಒಂದೇ ಕೇಬಲ್ಲಿಗೆ ಹಲವು ಡಿಸ್ಕು ಜೋಡಿಸುವ ಪುಟ್ಟ ಡಬ್ಬಿ, ಹಬ್ ಮೂಲಕ ಹೋದರೆ ಎರಡೂ ಡಿಸ್ಕಿಗೆ ಒಟ್ಟಿಗೇ ನಕಲಾಗುತ್ತದೆ, ಆದರೆ ವೇಗ ಅರ್ಧಕ್ಕಿಳಿಯುತ್ತದೆ. ನೇರ ಒಂದೇ ಡಿಸ್ಕಿಗೆ ಹಾಕಿದರೆ ಇಪ್ಪತ್ತು ನಿಮಿಷ ಸಾಕು. ತಾಳೆ ನೋಡಲು ಇನ್ನೊಂದು ಇಪ್ಪತ್ತು. ಚಿಮಣಿಯ ದೃಶ್ಯಕ್ಕೆ ಇದೇ ಕಾರ್ಡು ಖಾಲಿಯಾಗಿ ಒಳಗೆ ಹೋಗಬೇಕು, ನಾಲ್ಕಕ್ಕೆ ಗೇಟು ಹಾಕುತ್ತಾರೆ. ಹಬ್ಬನ್ನು ಪಕ್ಕಕ್ಕೆ ಸರಿಸಿ ನೇರ ಒಂದೇ ಡಿಸ್ಕಿಗೆ ಹಾಕಿದಳು.

ನಕಲು ಮುಗಿಯುವ ಹೊತ್ತಿಗೆ ಅಣ್ಣ ಬಾಗಿಲಲ್ಲಿದ್ದ. ಹಿಂದೆಯೇ ನಿರ್ದೇಶಕ. ವರ್ಷಗಟ್ಟಲೆ ಬೇರೆಯವರ ಕೈಕೆಳಗೆ ದುಡಿದ ಮೇಲೆ ಅಣ್ಣ ಸ್ವಂತ ಹೊಣೆಯಲ್ಲಿ ಹಿಡಿದ ಮೊದಲ ಚಿತ್ರ ಇದು. ಚಿಮಣಿ ಚಿತ್ರದ ಕೊನೆಯ ದೃಶ್ಯ.

“ಕಾರ್ಡು ಕೊಡು.”

“ಇನ್ನೂ ತಾಳೆ ನೋಡಿಲ್ಲ.”

“ನಕಲಾಯ್ತಲ್ಲ?”

“ಆಯ್ತು. ಒಂದೇ ಡಿಸ್ಕಿಗೆ. ಸರಿಯಾಗಿ ಆಗಿದ್ಯೋ ಇಲ್ವೋ ಗೊತ್ತಿಲ್ಲ. ಇನ್ನಿಪ್ಪತ್ತು ನಿಮಿಷ.”

“ಹತ್ತು ನಿಮಿಷಕ್ಕೆ ಗೇಟು ಹಾಕ್ತಾರೆ. ಆಮೇಲೆ ಇಲಿಮರಿನೂ ಒಳಗೆ ಬಿಡಲ್ಲ.” ಅಣ್ಣನ ಕುತ್ತಿಗೆಯ ನರ ಎದ್ದಿತ್ತು. “ಇನ್ನೊಂದು ಕಾರ್ಡು ದೂರದ ಕ್ಯಾಮೆರಾದಲ್ಲಿ ಕೂತಿದೆ. ಇರೋದು ಇದೊಂದೇ.”

“ಇದರಲ್ಲಿ ಜಾಗ ಉಳಿದಿದೆ. ಮಾಮೂಲಿ ವೇಗದಲ್ಲಿ ಏಳು ನಿಮಿಷ. ಅದರಲ್ಲೇ ತೆಗಿ.”

“ಚಿಮಣಿನ ಮಾಮೂಲಿ ವೇಗದಲ್ಲಿ ತೆಗೆದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ. ನಿಧಾನ ಮಾಡಿ ತೋರಿಸ್ಬೇಕು ಅಂದ್ರೆ ಜಾಗ ನಾಲ್ಕು ಪಟ್ಟು ಬೇಕು. ಎರಡು ನಿಮಿಷನೂ ಸಿಗಲ್ಲ. ಮೂರನೇ ಸೈರನ್ನಾದ್ಮೇಲೆ ಯಾವಾಗ ಹಚ್ತಾನೋ ಯಾರಿಗ್ಗೊತ್ತು? ಮದ್ದು ಹಚ್ಚೋನು ನನ್ನ ಸೋದರಮಾವನಾ, ‘ಅಳಿಯಾ, ಹಚ್ಲಾ’ ಅಂತ ಕೇಳೋಕೆ?”

ನಿರ್ದೇಶಕ ಸಮಾಧಾನದ ದನಿಯಲ್ಲಿ ಹೇಳಿದ: “ನೋಡಮ್ಮಾ, ಚಿಮಣಿ ಇನ್ನೊಂದ್ಸಲ ಬೀಳಲ್ಲ. ಬೆಳಗಿನದ್ದು ಒಂದು ವೇಳೆ ಕೆಟ್ಟಿದ್ರೂ ಮತ್ತೆ ತೆಗೀಬಹುದು. ನಿಮ್ಮ ತಂದೆ ದೃಶ್ಯ ಬೇಕಾದ್ರೆ ಮುಂದಿನ ವಾರ—”

“ಮುಂದಿನ ವಾರ ಯಾವ ದನೀಲಿ?” ಎಂದಳು ಅವಳು.

ಅವಳು ನಿರ್ದೇಶಕನಿಗೆ ಹೇಳಿದ್ದಲ್ಲ. ಅಣ್ಣನ ಮುಖ ನೋಡಿ ಕೇಳಿದ್ದಳು. ನಿರ್ದೇಶಕನಿಗೆ ಶಸ್ತ್ರಚಿಕಿತ್ಸೆಯ ವಿಷಯ ಗೊತ್ತಿರಲಿಲ್ಲ. ಅವನು ಅಣ್ಣ ತಂಗಿಯರ ಮುಖಗಳನ್ನು ಒಂದೊಂದಾಗಿ ನೋಡಿದ. ಮನೆಯಲ್ಲಿ ಎರಡು ವಾರದಿಂದ ಆಸ್ಪತ್ರೆ, ಹಾಸಿಗೆ, ರಕ್ತದ ಗುಂಪು, ಯಾರು ಯಾವಾಗ ಇರಬೇಕು ಎಂಬ ಮಾತೆಲ್ಲ ಆಗಿತ್ತು. ದನಿಯ ಮಾತು ಮಾತ್ರ ಯಾರೂ ಎತ್ತಿರಲಿಲ್ಲ. ಅಣ್ಣ ಕಿಟಕಿಯ ಕಡೆ ತಿರುಗಿದ.

“ಕಾರ್ಡು ಕೊಡು,” ಎಂದ ಮತ್ತೆ, ಸ್ವಲ್ಪ ತಗ್ಗಿದ ದನಿಯಲ್ಲಿ. “ತಡ ಆಗ್ತಿದೆ.”

ಅವಳು ಕಾರ್ಡನ್ನು ಕಿತ್ತು ಅವನ ಅಂಗೈ ಮೇಲಿಟ್ಟಳು. ಕೆಂಪು ಪಟ್ಟಿ ಹಾಗೇ ಇತ್ತು.

“ಹಸಿರು ಅಂಟಿಸು.”

“ಹಸಿರು ಆಗಿಲ್ಲ.”

“ಹಟ ಮಾಡ್ಬೇಡ. ಅಲ್ಲಿ ಹೋಗಿ ಖಾಲಿ ಮಾಡ್ಲೇಬೇಕಲ್ಲ ನಾನು.”

“ಖಾಲಿ ಮಾಡೋ ಗುಂಡಿ ಕ್ಯಾಮೆರಾದಲ್ಲಿದೆ, ಕ್ಯಾಮೆರಾ ನಿನ್ನ ಕೈಲಿದೆ. ಹಸಿರು ನನ್ನ ಕೈಲಿದೆ. ಅದನ್ನ ನಾನು ಅಂಟಿಸಲ್ಲ.”

ಅಣ್ಣ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೋದ. ನಿರ್ದೇಶಕ ಅವನ ಹಿಂದೆಯೇ ಓಡಿದ.

ಅವಳು ನಕಲನ್ನು ತೆರೆದಳು. ಕಾರ್ಡಿಲ್ಲದೆ ತಾಳೆ ನೋಡಲಾಗದು, ಕಣ್ಣಿಂದ ನೋಡಬಹುದು. ಕಡತಗಳ ಎಣಿಕೆ ಸರಿ ಇತ್ತು, ಗಾತ್ರವೂ ಸರಿ ಇತ್ತು. ಅಪ್ಪನ ದೃಶ್ಯದ ಮೇಲೆ ಒತ್ತಿದಳು. ಖಾಕಿ ಅಂಗಿ, ಗೇಟು, ತುಕ್ಕು ಹಿಡಿದ ಬೀಗ. ಅಪ್ಪ ಬೀಗದ ಜೊತೆ ಜಗಳವಾಡುತ್ತಿದ್ದ. ಕೀಲಿ ತಿರುಗುತ್ತಿರಲಿಲ್ಲ. “ತಿರುಗು ಮಾರಾಯ, ನಿನಗೂ ರಿಟೈರ್‌ಮೆಂಟು” ಎಂದ. ಆಮೇಲೆ ಗೇಟಿಗೆ ಬೆನ್ನು ಕೊಟ್ಟು ಕ್ಯಾಮೆರಾದ ಪಕ್ಕಕ್ಕೆಲ್ಲೋ ನೋಡಿದ.

“ಮೂವತ್ತು ವರ್ಷ ಕಾದೆ,” ಎಂದ. “ಒಬ್ಬ ಕಳ್ಳನೂ—”

ಚಿತ್ರ ನಿಂತಿತು. ಅಪ್ಪನ ಬಾಯಿ ಅರ್ಧ ತೆರೆದಿತ್ತು, ಅರ್ಧ ಮುಖ ಹಸಿರು ಚೌಕಗಳಾಗಿ ಒಡೆದಿತ್ತು. ಅವಳು ಹಿಂದಕ್ಕೆ ಒಯ್ದು ಮತ್ತೆ ಓಡಿಸಿದಳು. “ಒಬ್ಬ ಕಳ್ಳನೂ—” ಮತ್ತೆ ಅಲ್ಲೇ. ಮುಂದಕ್ಕೆ ಒಯ್ದಳು. ಬರೀ ಕಪ್ಪು. ಕೇಬಲ್ಲಿನ ದೋಷವೋ, ಡಿಸ್ಕು ಬಿಸಿಯಾದದ್ದೋ, ಅಪ್ಪನ ಹತ್ತಿರ ಇದ್ದಾಗ ಹತ್ತಿಯ ಎಳೆ ತುದಿಯೊಳಗೆ ಸೇರಿತ್ತೋ. ಕಾರಣ ಹುಡುಕುವ ಹೊತ್ತು ಅದಲ್ಲ. ಉಳಿದ ಮೂರು ನಿಮಿಷ ಈಗ ಅಣ್ಣನ ಜೇಬಿನಲ್ಲಿ ಮಾತ್ರ ಇತ್ತು.

ವಾಕಿಟಾಕಿ ಎತ್ತಿ ಗುಂಡಿ ಒತ್ತಿದಳು. ದೀಪವೇ ಹತ್ತಲಿಲ್ಲ. ಆಗ ನೆನಪಾಯಿತು. ಸಿಡಿಮದ್ದನ್ನು ಹಚ್ಚುವುದು ವಿದ್ಯುತ್ ತಂತಿಯಿಂದ. ಹತ್ತಿರದಲ್ಲಿ ರೇಡಿಯೋ ಅಲೆ ಓಡಾಡಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಅದಕ್ಕೇ ಮೂರೂಮುಕ್ಕಾಲಿಗೆ ಎಲ್ಲರ ವಾಕಿಟಾಕಿಯ ಬ್ಯಾಟರಿ ತೆಗೆಸಿದ್ದರು, ಒಳಗೆ ಹೋದವರ ಫೋನುಗಳನ್ನು ಗೇಟಿನ ಹತ್ತಿರ ಬುಟ್ಟಿಯಲ್ಲಿ ಹಾಕಿಸಿಕೊಂಡಿದ್ದರು.

ಅವಳು ಚಿಮಣಿಯ ಮೈದಾನದ ಗೇಟಿಗೆ ಓಡಿದಳು. ಅಲ್ಲಿ ಹಗ್ಗ ಕಟ್ಟಿದ್ದರು. ಕೆಡವುವ ಕಂಪನಿಯವನೊಬ್ಬ ಕೆಂಪು ಬಾವುಟ ಹಿಡಿದು ನಿಂತಿದ್ದ.

“ನನ್ನಣ್ಣ ಚಿಮಣಿ ಎದುರಿನ ತಾರಸಿ ಮೇಲಿದ್ದಾನೆ. ಒಂದು ಮಾತು ಹೇಳಿ ಬಂದ್ಬಿಡ್ತೀನಿ.”

“ಆಗಲ್ಲಕ್ಕ.”

“ಒಂದೇ ಮಾತು.”

“ಹೋದ ಸಲ ಒಬ್ಬ ಒಂದೇ ಮಾತು ಅಂತ ಹೋದ. ಅವನ ಚಪ್ಪಲಿ ಒಂದೇ ವಾಪಸ್ ಬಂತು.” ಅವನು ನಗಲಿಲ್ಲ. “ಹಗ್ಗ ದಾಟಿದ್ರೆ ಇವತ್ತಿನ ಕೆಲಸನೇ ನಿಲ್ಲಿಸ್ಬೇಕಾಗುತ್ತೆ.”

ದೂರದ ತಾರಸಿಯ ಮೇಲೆ ಅಣ್ಣ ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದ. ಕ್ಯಾಮೆರಾದ ಮೇಲೆ ಬಗ್ಗಿದ್ದ. ಅವಳು ಎರಡೂ ಕೈ ಎತ್ತಿ ಬೀಸಿದಳು. ಅವನು ತಲೆ ಎತ್ತಲಿಲ್ಲ. ಕಾರ್ಡು ಹಾಕಿದ ಕೂಡಲೇ ಪುಟ್ಟ ಪರದೆಯ ಮೇಲೆ ‘ಅಳಿಸಲೇ?’ ಎಂಬ ಪ್ರಶ್ನೆ ಬರುತ್ತದೆ, ಹೌದು, ಇಲ್ಲ. ಅವನ ಹೆಬ್ಬೆರಳು ಎಷ್ಟು ಬೇಗ ‘ಹೌದು’ ಒತ್ತುತ್ತದೆಂದು ಅವಳಿಗೆ ಗೊತ್ತಿತ್ತು. ಚಿಕ್ಕಂದಿನಿಂದಲೂ ಅವನು ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳುವವನು. ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡು, ಮರುದಿನವೂ ಹಾಗೇ ಕುಡಿಯುವವನು.

“ಏನೇ ಅದು, ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತಾ ಇದ್ದೀಯ?”

ಅಪ್ಪ ಕುರ್ಚಿಯನ್ನು ಹಗ್ಗದ ಹತ್ತಿರಕ್ಕೆ ಎಳೆದುಕೊಂಡು ಬಂದಿದ್ದ, ಆಟ ನೋಡಲು ಬಂದವನ ಹಾಗೆ. ಖಾಕಿ ಅಂಗಿ ಇನ್ನೂ ಬಿಚ್ಚಿರಲಿಲ್ಲ.

“ಏನಿಲ್ಲ.”

“ಏನಿಲ್ಲ ಅಂದ್ರೆ ಕೂತ್ಕೋ.”

ಅವಳು ಅವನ ಪಕ್ಕದಲ್ಲಿ ಇಟ್ಟಿಗೆಯ ರಾಶಿಯ ಮೇಲೆ ಕೂತಳು. ಮತ್ತೆ ಎದ್ದಳು. ಅಪ್ಪ ತಾರಸಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದ.

“ಸೂರ್ಯ ಹಿಂದಿದ್ದಾನೆ. ಸರಿಯಾಗಿ ನಿಂತಿದ್ದಾನೆ ಬಡ್ಡೀಮಗ. ನಾನು ಹೇಳಿಕೊಟ್ಟಿದ್ದಲ್ಲ, ತಾನೇ ಕಲಿತಿದ್ದು ಅಂತ ಹೇಳ್ಕೊಂಡು ತಿರುಗ್ತಾನೆ.” ಕೆಮ್ಮಿದ. ಕೆಮ್ಮು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. “ನೋಡು, ನಾಳೆಯಿಂದ ಅವನನ್ನ ಬೈಯೋ ಕೆಲಸ ನಿಂಗೆ ವಹಿಸ್ತಿದ್ದೀನಿ. ಸರಿಯಾಗಿ ಮಾಡ್ಬೇಕು. ವಾರಕ್ಕೆ ಎರಡು ಸಲನಾದ್ರೂ.”

“ನಂಗೆ ನಿನ್ನಷ್ಟು ಚೆನ್ನಾಗಿ ಬರಲ್ಲ.”

“ಬರುತ್ತೆ. ಬೆಳಗ್ಗೆ ಕೇಬಲ್ ಕಿತ್ಕೊಂಡಾಗ ನಿನ್ನ ಮುಖ ನೋಡ್ದೆ. ಒಳಗೆ ಬೇಕಾದಷ್ಟಿದೆ.”

“ಬೆಳಗ್ಗೆ ಅಲ್ಲಪ್ಪ, ಈಗ ತಾನೇ.”

“ಹೌದಾ? ಇವತ್ತು ಹೊತ್ತೇ ಹೋಗ್ತಿಲ್ಲ.”

ಮೊದಲ ಸೈರನ್ನು ಕೂಗಿತು. ಗೋದಾಮಿನ ಮಾಡಿನಿಂದ ಪಾರಿವಾಳಗಳು ಎದ್ದು ಎರಡು ಸುತ್ತು ಸುತ್ತಿ ಅಲ್ಲೇ ಇಳಿದವು. ಎರಡನೇ ಸೈರನ್ನಿಗೆ ಎದ್ದವು ಇಳಿಯಲಿಲ್ಲ. ಮೂರನೆಯದು ಮುಗಿದ ಮೇಲೆ ಏನೂ ಆಗಲಿಲ್ಲ. ಅವಳು ಮನಸ್ಸಿನಲ್ಲೇ ಎಣಿಸಲು ಶುರುಮಾಡಿ, ಎಣಿಕೆ ತಪ್ಪಿ ಬಿಟ್ಟಳು. ಬಾವುಟದವನು ಕಿವಿ ಮುಚ್ಚಿಕೊಂಡಿದ್ದ. ಅಪ್ಪ ಮುಚ್ಚಿಕೊಂಡಿರಲಿಲ್ಲ.

ಮೊದಲು ಬುಡದಲ್ಲಿ ಬಿಳಿ ಹೊಗೆ ಕಂಡಿತು, ಸದ್ದು ಆಮೇಲೆ ಬಂತು. ಚಿಮಣಿ ಒಂದು ಕ್ಷಣ ನೆಟ್ಟಗೇ ನಿಂತಿತ್ತು, ತನಗೆ ಹೇಳಿದ್ದಲ್ಲವೆಂಬಂತೆ. ನಂತರ ನಡುವಿನಲ್ಲಿ ಬಿರುಕು ಬಿಟ್ಟು, ಮೇಲರ್ಧ ಒಂದು ಕಡೆಗೆ ವಾಲಿ, ಇಡಿಯಾಗಿ ಮಲಗಿತು. ನೆಲ ನಡುಗಿತು. ಧೂಳು ಗೋಡೆಯ ಹಾಗೆ ಎದ್ದು ತಾರಸಿಯನ್ನು ನುಂಗಿ ಇವರ ಕಡೆಗೂ ಬಂತು. ಅವಳು ದುಪಟ್ಟಾ ಬಿಚ್ಚಿ ಅಪ್ಪನ ಮೂಗು ಬಾಯಿಗೆ ಒತ್ತಿ ಹಿಡಿದಳು.

ಎಲ್ಲ ಸುರಕ್ಷಿತ ಎನ್ನುವ ಉದ್ದನೆಯ ಸೈರನ್ನು ಆದ ಮೇಲೆ, ಧೂಳಿನೊಳಗಿಂದ ಮೊದಲು ನಿರ್ದೇಶಕ ಬಂದ. ನೇರ ಹೋಗಿ ವ್ಯಾನಿನ ಮೆಟ್ಟಿಲ ಮೇಲೆ ಕೂತ. ಅಣ್ಣ ಬರಲು ತಡವಾಯಿತು. ತಲೆ, ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನ ಗಿರಣಿಯವನ ಹಾಗೆ ಬೆಳ್ಳಗಾಗಿತ್ತು. ಬಂದವನೇ ಅವಳ ಮುಂದೆ ಅಂಗೈ ಬಿಚ್ಚಿದ.

ಕಾರ್ಡಿನ ಮೇಲೆ ಕೆಂಪು ಪಟ್ಟಿ ಇತ್ತು. ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಒಳಗಿದ್ದದ್ದು ಇದೆ ಎಂದಲ್ಲ. ಅವಳು ಕಾರ್ಡು ತೆಗೆದುಕೊಂಡು ಹಾಜರಿ ಕೋಣೆಗೆ ನಡೆದಳು. ಅಣ್ಣ ಹಿಂದೆ ಬಂದ. ಅಪ್ಪ ಅವನ ಹಿಂದೆ, ನಿಧಾನಕ್ಕೆ.

ಕಾರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಕಾರ್ಡು ತೆರೆದುಕೊಂಡಿತು. ಬೆಳಗಿನ ಕಡತಗಳೆಲ್ಲ ಸಾಲಾಗಿ ಇದ್ದವು. ಕೊನೆಯಲ್ಲಿ ಹೊಸದೊಂದು, ಚಿಮಣಿಯದು.

“ಅಳಿಸಿಲ್ಲ,” ಎಂದಳು.

“ಹಸಿರು ಇರ್ಲಿಲ್ಲ,” ಎಂದ ಅಣ್ಣ. ಕಿಟಕಿಯ ಸರಳಿಗೆ ಅಂಟಿದ ಹತ್ತಿ ಎಳೆಯನ್ನು ಉಗುರಿನಿಂದ ಕೀಳುತ್ತಿದ್ದ.

“ಚಿಮಣಿ?”

“ಮೂರನೇ ಸೈರನ್ನಿಗೆ ಒತ್ತಿದೆ. ಆ ಮನುಷ್ಯ ಹಚ್ಲೇ ಇಲ್ಲ. ಕಾಯ್ತಾ ಇದ್ದೆ, ಜಾಗ ಮುಗೀತಾ ಬಂತು. ಅರ್ಧ ವಾಲಿತ್ತು, ಕಾರ್ಡು ತುಂಬ್ತು.”

“ದೂರದ ಕ್ಯಾಮೆರಾದಲ್ಲಿ ಇರುತ್ತಲ್ಲ?”

“ಇರುತ್ತೆ. ಪೆನ್ಸಿಲ್ ಬಿದ್ದ ಹಾಗೆ ಇರುತ್ತೆ.”

ಹಿಂದಿನಿಂದ ಅಪ್ಪನ ದನಿ ಬಂತು. “ನಂದು ಹೆಂಗೆ ಬಂದಿದೆ, ಅದನ್ನ ತೋರಿಸ್ರೋ. ನಲವತ್ತು ವರ್ಷ ಬೇರೆಯವರ ಮೂತಿ ನೋಡಿದ್ದಾಯ್ತು.”

ಅವಳು ಕಾರ್ಡಿನಿಂದಲೇ ಆ ದೃಶ್ಯವನ್ನು ಓಡಿಸಿದಳು. ಗೇಟು, ಬೀಗ, ರಿಟೈರ್‌ಮೆಂಟಿನ ಮಾತು. ಅಪ್ಪ ಗೇಟಿಗೆ ಬೆನ್ನು ಕೊಟ್ಟ.

“ಮೂವತ್ತು ವರ್ಷ ಕಾದೆ,” ಎಂದ ಪರದೆಯ ಮೇಲಿನ ಅಪ್ಪ. “ಒಬ್ಬ ಕಳ್ಳನೂ ಬರ್ಲಿಲ್ಲ. ಬಂದಿದ್ರೆ ಕೂರಿಸ್ಕೊಂಡು ಮಾತಾಡ್ತಿದ್ದೆ.”

“ಮುಖದ ಎಡಗಡೆ ಬೆಳಕು ಸಾಲದು,” ಎಂದ ಹಿಂದೆ ನಿಂತ ಅಪ್ಪ. “ಯಾವನೋ ಇದನ್ನ ತೆಗ್ದಿದ್ದು?”

“ನಾನೇ,” ಎಂದ ಅಣ್ಣ.

“ಅದಕ್ಕೇ.”

ಆ ಸಂಜೆ ಅವಳು ದಾರದ ಕೇಬಲ್ಲಿನ ಎರಡೂ ತುದಿಯನ್ನು ಊದಿ, ಹಬ್ ಮೂಲಕ ಎರಡೂ ಡಿಸ್ಕಿಗೆ ಮೊದಲಿನಿಂದ ನಕಲು ಮಾಡಿ, ತಾಳೆ ನೋಡಿದಳು. ತಾಳೆಯಾಯಿತು. ಕೆಂಪು ಕಿತ್ತು ಹಸಿರು ಅಂಟಿಸಿದಳು. ಅಣ್ಣ ಸ್ಕೂಟರಿನ ಹತ್ತಿರ ಕಾಯುತ್ತಿದ್ದ. ಅಪ್ಪ ಆಗಲೇ ನಡುವಿನಲ್ಲಿ ಕೂತು, ತಡವಾಯಿತೆಂದು ಇಬ್ಬರಿಗೂ ಬೈಯುತ್ತಿದ್ದ. ಮನೆ ತಲುಪುವವರೆಗೂ ಅವನು ಮಾತು ನಿಲ್ಲಿಸಲಿಲ್ಲ, ಅವರೂ ನಿಲ್ಲಿಸು ಎನ್ನಲಿಲ್ಲ.

ಶಸ್ತ್ರಚಿಕಿತ್ಸೆ ಮರುದಿನ ಬೆಳಗ್ಗೆ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಅದರ ಮರುದಿನ ಅಪ್ಪನನ್ನು ವಾರ್ಡಿಗೆ ತಂದರು. ಅವಳು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಆ ನಾಲ್ಕು ನಿಮಿಷವನ್ನು ಮಾತ್ರ ತನ್ನ ಸ್ವಂತ ಡಿಸ್ಕಿಗೆ ಇನ್ನೊಂದು ನಕಲು ಮಾಡುತ್ತಿದ್ದಳು. ಅಣ್ಣ ಚಹಾ ತಂದವನು ಪರದೆ ನೋಡಿದ. ಇನ್ನೂ ಹದಿನೈದು ನಿಮಿಷ ಎಂದಿತ್ತು.

“ಇಷ್ಟು ಸಣ್ಣದಕ್ಕೆ ಹದಿನೈದು ನಿಮಿಷನಾ? ದಾರದ ಕೇಬಲ್ ಎಲ್ಲೋಯ್ತು?”

“ಒಳಗಿದೆ. ಅಪ್ಪನ ಫೋನಿಗೆ ಹಾಕಿದ್ದೀನಿ. ಬರೆದೂ ಬರೆದೂ ಖಾಲಿ ಮಾಡ್ಕೊಂಡಿದ್ದ.”

ಅಣ್ಣ ಪಕ್ಕದಲ್ಲಿ ಕೂತ. ಚಹಾ ಆರುವವರೆಗೂ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ನಕಲು ಮುಗಿಯಲು ಹದಿನೇಳು ನಿಮಿಷ ಹಿಡಿಯಿತು.